ವೀಣೆ ವರದಯ್ಯ ಕದ್ದು ಕೇಳಿದ ಮೂರು ಮಾತು

ಕೇಳ್ರಪ್ಪ ಕೇಳಿ, ಕೇಳ್ರಮ್ಮ ನೀವೂ ಕೇಳಿ. ಆಕಳಿಸೋರು ಈಗಲೇ ಆಕಳಿಸಿಬಿಡಿ. ಕಥೆ ಶುರುವಾದ ಮೇಲೆ ಇಲ್ಲಿ ಬಾಯಿ ತೆರೆಯೋಳು ನಾನೊಬ್ಬಳೇ.

ಸೋರೆಕೋಟೆ ಅಂತ ಒಂದು ರಾಜ್ಯ ಇತ್ತು. ಕೋಟೆ ಗೋಡೆ ತುಂಬ ಸೋರೆಬಳ್ಳಿ, ಅದಕ್ಕೇ ಆ ಹೆಸರು. ಅರಮನೆಗೆ ಬೆಳ್ಳನೆ ಸುಣ್ಣ ಬಳಿದಿದ್ರು. ಅದರ ಎದುರಿಗೇ ಕರಿಕಲ್ಲಿನ ಸೆರೆಮನೆ. ಬಿಳೀದು ಒಂದು, ಕರೀದು ಒಂದು. ಸೆರಗಿಗೆ ಗಂಟು ಹಾಕಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ರಾಜನ ಹೆಸರು ಬೊಮ್ಮರಸ. ಅವನ ಆಸ್ಥಾನದಲ್ಲಿ ವೀಣೆ ವರದಯ್ಯ ಅನ್ನೋನು ಸಂಗೀತದ ಗುರು. ಬೆರಳಲ್ಲಿ ವಿದ್ಯೆ ಇತ್ತು, ಸುಳ್ಳು ಹೇಳಬಾರದು. ಆದ್ರೆ ಪಾಠ ಮಾತ್ರ ಎಲ್ಲರಿಗೂ ಒಂದೇ ಅಚ್ಚು. ಯಾರೇ ಬರಲಿ, ಮೂರು ವರ್ಷ ಸರಳೆ ವರಸೆ. ಅಜ್ಜಿ ಬಂದ್ರೂ ಅದೇ, ಮೊಮ್ಮಗಳು ಬಂದ್ರೂ ಅದೇ. "ಗುರುಗಳೇ, ನಂಗೊಂದು ಹಾಡು..." ಅಂತ ಯಾರಾದ್ರೂ ಬಾಯಿ ಬಿಟ್ರೆ ಬೆತ್ತ ತಗೊಂಡು ನೆಲಕ್ಕೆ ಕುಟ್ಟೋನು.

"ನಿಂಗೇನು ಬೇಕು ಅಂತ ಕೇಳಿದೋರು ಯಾರು? ಸ ರಿ ಗ ಮ ಹೇಳು!"

ಅವರಪ್ಪ ಅವನಿಗೆ ಕಲಿಸಿದ್ದೂ ಹಂಗೇ. ಅದೇ ಬೆತ್ತ, ಅದೇ ಮಾತು.

ಹಿಂಗಿರೋವಾಗ ಒಂದು ದಿನ ಕಡಲ ಕಡೆಯಿಂದ ಎತ್ತಿನ ಗಾಡೀಲಿ ಒಂದು ಪಿಯಾನೋ ಬಂತು. ಹಡಗಿನ ವ್ಯಾಪಾರಿ ರಾಜನಿಗೆ ಕೊಟ್ಟ ಉಡುಗೊರೆ. ಅದರ ಜೊತೆ ಅದನ್ನ ಕಲಿಸೋಕೆ ಒಬ್ಬ ಹೆಂಗಸೂ ಬಂದ್ಲು. ಸೆರಾಫಿನಾ ಅಂತ ಅವಳ ಹೆಸರು. ಊರೋರ ಬಾಯಿಗೆ ಅದು ತಿರುಗಲಿಲ್ಲ, ಸರಪಣಿಯಮ್ಮ ಅಂದ್ರು. "ಆಯ್ತಪ್ಪ, ಸರಪಣೀನೇ ಸರಿ" ಅಂತ ಅವಳೂ ನಕ್ಕಳು.

ಪಿಯಾನೋ ನೋಡಿದ್ದೀರಲ್ಲ? ಸಾಲಾಗಿ ಬಿಳಿ ಪಟ್ಟಿ, ನಡುನಡುವೆ ಕರಿ ಪಟ್ಟಿ. ನುಡಿಸೋರು ಆ ಪಟ್ಟಿಗಳಿಗೆ 'ಮನೆ' ಅಂತಾರೆ. ಬಿಳಿ ಮನೆ, ಕರಿ ಮನೆ. ಈ ಮಾತು ವರದಯ್ಯನಿಗೆ ಗೊತ್ತಿರಲಿಲ್ಲ. ಹೆಂಗೆ ಗೊತ್ತಿರತ್ತೆ? "ಆ ಹೆಣದ ಪೆಟ್ಟಿಗೆ ಇರೋ ಕೋಣೆಗೆ ನಾನು ಕಾಲಿಡಲ್ಲ" ಅಂತ ಮೊದಲ ದಿನವೇ ಆಣೆ ಹಾಕಿ ಕೂತಿದ್ದ.

ಸರಪಣಿಯಮ್ಮನ ಪಾಠದ ರೀತಿ ಬೇರೆ. ಯಾರು ಬಂದ್ರೂ ಮೊದಲು ಮಣೆ ಹಾಕೋಳು, ನೀರು ಕೊಡೋಳು, ಆಮೇಲೆ ಕೇಳೋಳು: "ನಿಮಗೇನು ಬೇಕು?"

ಮೊದಲು ಬಂದೋನು ದಳವಾಯಿ ಹಂಪನಾಯಕ. ಯುದ್ಧದಲ್ಲಿ ಬಲಗೈಯ ಎರಡು ಬೆರಳು ಕಳ್ಕೊಂಡಿದ್ದ. "ಮೂರು ಬೆರಳಿನೋನಿಗೆ ಎಂಥಾ ವೀಣೆ?" ಅಂತ ವರದಯ್ಯ ಓಡಿಸಿದ್ದ.

"ಮಗಳ ಮದುವೆ ಇದೆ ತಾಯಿ. ಆರತಿ ಹೊತ್ತಲ್ಲಿ ಒಂದೇ ಒಂದು ಹಾಡು ನನ್ನ ಕೈಯಾರೆ ನುಡಿಸ್ಬೇಕು."

"ಅಷ್ಟಕ್ಕೆ ಮೂರು ಬೆರಳು ಧಾರಾಳ" ಅಂದಳು ಅವಳು. ಮೂರೇ ಬೆರಳಿಗೆ ಹೊಂದೋ ಹಾಗೆ ಹಾಡು ಕಟ್ಟಿಕೊಟ್ಟಳು.

ಎರಡನೇದಾಗಿ ಬಂದೋಳು ರಾಜನ ತಾಯಿ ದೊಡ್ಡಮ್ಮಣ್ಣಿ. "ನಮ್ಮವ್ವ ಒಂದು ಲಾಲಿ ಹಾಡ್ತಿದ್ಲು. ಮೊದಲ ಸಾಲು ನೆನಪಿದೆ, ಮಿಕ್ಕಿದ್ದು ಮರೆತೇಹೋಯ್ತು. ಸಾಯೋದ್ರೊಳಗೆ ಅದು ಪೂರ್ತಿ ಕೇಳಬೇಕು ನೋಡು."

ಮೂರನೇದು ಎಂಟು ವರ್ಷದ ರಾಜಕುಮಾರಿ ಕೆಂಪಾಜಮ್ಮಣ್ಣಿ. ಅವಳಿಗೆ ಹಾಡೂ ಬೇಡ, ಗೀಡೂ ಬೇಡ. "ಕುದುರೆ ಓಡೋ ಸದ್ದು ಬರಬೇಕು. ಟಕ ಟಕ ಟಕ ಟಕ!"

"ಬರಲಿ, ಕುದುರೇನೇ ಕಟ್ಟೋಣ" ಅಂದಳು ಸರಪಣಿಯಮ್ಮ.

ಒಬ್ಬೊಬ್ಬರಿಗೆ ಒಂದೊಂದು ಪಾಠ. ಒಬ್ಬರದ್ದು ಇನ್ನೊಬ್ಬರಿಗಿಲ್ಲ. ತಿಂಗಳೊಪ್ಪತ್ತಲ್ಲಿ ವರದಯ್ಯನ ಜಗಲಿ ಖಾಲಿ, ಅವಳ ಬಾಗಿಲಲ್ಲಿ ಚಪ್ಪಲಿ ರಾಶಿ.

ಅಯ್ಯೋ, ಆಗ ನೋಡಬೇಕಿತ್ತು ವರದಯ್ಯನ ಅವಸ್ಥೆ! ಹೊಟ್ಟೆ ಒಳಗೆ ಕೆಂಡ ಸುರಿದಂಗಾಯ್ತು. ಉಂಡಿದ್ದು ಮೈಗೆ ಹತ್ತಲಿಲ್ಲ. ದಾರೀಲಿ ಹೋಗ್ತಾ ಆ ಚಪ್ಪಲಿಗಳನ್ನ ಎಣಿಸೋನು. ಒಂದು ಜೊತೆ ಹೆಚ್ಚಾದ್ರೆ ಅವತ್ತು ಊಟ ಇಲ್ಲ.

ಹೆಂಡತಿ ತುಂಗಮ್ಮ ಎಲೆ ಮುಂದೆ ಕೂತು ಬೈದ್ಲು. "ಅಲ್ರೀ, ನಿಮ್ಮ ಬೆರಳೇನು ಸವೆದಿದ್ಯಾ? ಅವಳದ್ದು ಅವಳಿಗೆ, ನಿಮ್ಮದು ನಿಮಗೆ. ಸುಮ್ನೆ ಮಜ್ಜಿಗೆಹುಳಿ ಕಲಸ್ಕೊಂಡು ಉಣ್ಣಿ."

"ಅವಳ ಹೆಸರೆತ್ತಬೇಡ!" ಅಂತ ಎಲೆ ಬಿಟ್ಟು ಎದ್ದ. ಮೂವತ್ತು ವರ್ಷ ಕೂತ ಗುರುಪೀಠ ಕೈ ತಪ್ಪಿಹೋಗತ್ತೆ ಅನ್ನೋ ಭಯ ಅವನಿಗೆ. ಅವಳನ್ನ ಈ ಊರಿಂದ ಓಡಿಸಲೇಬೇಕು ಅಂತ ತೀರ್ಮಾನ ಮಾಡ್ದ.

ಕೋಣೆಗೆ ಕಾಲಿಡಲ್ಲ ಅಂತ ಆಣೆ ಇತ್ತಲ್ಲ? ಕಿಟಕಿಗೆ ಕಿವಿ ಕೊಡಲ್ಲ ಅಂತ ಆಣೆ ಇರಲಿಲ್ಲ. ಸೋರೆಬಳ್ಳಿ ಮರೇಲಿ ಕುಕ್ಕರುಗಾಲಲ್ಲಿ ಕೂತ.

ಮೊದಲ ದಿನ ಕೇಳಿಸ್ತು: "ದಳವಾಯಿಗಳೇ, ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ನುಗ್ಗಿ. ಮೆತ್ತಗೆ. ನುಗ್ಗಿದ್ದು ಯಾರಿಗೂ ಗೊತ್ತಾಗಬಾರದು."

ವರದಯ್ಯನ ಕಿವಿ ನೆಟ್ಟಗಾಯ್ತು. ಹಾಂ! ದಳವಾಯಿಗೆ ಕಳ್ಳತನ ಕಲಿಸ್ತಾಳೆ!

ಎರಡನೇ ದಿನ ಕೇಳಿಸ್ತು: "ದೊಡ್ಡಮ್ಮಣ್ಣಿ, ಬಿಳಿ ಮನೇಲಿ ಎಷ್ಟು ಹೊತ್ತು ಅಂತ ಇರ್ತೀರಿ? ಅದನ್ನ ಬಿಟ್ಟು ಕರಿ ಮನೆಗೆ ಹೋಗಿ. ನಿಮ್ಮ ಜಾಗ ಅಲ್ಲೇ ಇರೋದು."

ಬಿಳಿ ಮನೆ ಅಂದ್ರೆ ಅರಮನೆ, ಕರಿ ಮನೆ ಅಂದ್ರೆ ಸೆರೆಮನೆ! ರಾಜಮಾತೆಯನ್ನ ಸೆರೆಗೆ ಹಾಕೋ ಸಂಚು! ಬಳ್ಳೀನೇ ಅಲ್ಲಾಡೋ ಹಂಗೆ ನಡುಗಿದ, ಭಯಕ್ಕಲ್ಲ, ಖುಷಿಗೆ.

ಮೂರನೇ ದಿನ ಕೇಳಿಸ್ತು: "ಭೇಷ್ ಮಗಳೇ, ಎಂಟು ಮನೆ ಹಾರಿಬಿಟ್ಟೆಯಲ್ಲ! ನಾಳೆಯಿಂದ ಓಡ್ತಾ ಓಡ್ತಾ ಹಾರೋದು ಕಲಿಯೋಣ."

ಮಗುವಿಗೂ ಊರೋರ ಗೋಡೆ ಹಾರೋ ಪಾಠ! ಇನ್ನೇನು ಬೇಕು? ಎದ್ದ, ಬಿದ್ದ, ಪಂಚೆ ಕೊಡವಿಕೊಂಡು ಆಸ್ಥಾನಕ್ಕೆ ಓಡಿದ. ಒಂದ್ಸಲ ಕತ್ತು ಎತ್ತಿ ಕಿಟಕಿ ಒಳಗೆ ಇಣುಕಿದ್ದಿದ್ರೆ ಸಾಕಿತ್ತು. ಹೊಟ್ಟೆಕಿಚ್ಚಿನೋನಿಗೆ ಕಿವಿ ನಾಲ್ಕು, ಕಣ್ಣು ಒಂದೂ ಇಲ್ಲ.

"ಮಹಾಸ್ವಾಮಿ, ಮನೆ ಮುರಿಯೋಳನ್ನ ಅರಮನೇಲಿ ಸಾಕ್ತಿದ್ದೀರಿ!" ಅಂತ ಮೂರು ಮಾತೂ ಒಪ್ಪಿಸಿದ. ಬೊಮ್ಮರಸನ ಮೀಸೆ ಅದುರಿತು. ಸರಪಣಿಯಮ್ಮನಿಗೆ ಕರೆ ಹೋಯ್ತು. ತುಂಬಿದ ಸಭೇಲಿ ಅವಳು ಒಬ್ಬಳೇ ನಿಂತಳು.

"ಮನೆಗೆ ನುಗ್ಗಿ ಅಂತ ದಳವಾಯಿಗೆ ಹೇಳಿದ್ಯಾ?"

"ಹೇಳಿದೆ ಮಹಾಸ್ವಾಮಿ."

"ಬಿಳಿ ಮನೆ ಬಿಟ್ಟು ಕರಿ ಮನೆಗೆ ಹೋಗಿ ಅಂತ ನಮ್ಮ ತಾಯಿಗೆ ಹೇಳಿದ್ಯಾ?"

"ಹೇಳಿದೆ ಮಹಾಸ್ವಾಮಿ."

"ಎಂಟು ಮನೆ ಹಾರು ಅಂತ ಮಗುವಿಗೆ ಹೇಳಿದ್ಯಾ?"

"ಮಗು ಹಾರೇಬಿಟ್ಟಿತು ಮಹಾಸ್ವಾಮಿ!"

ವರದಯ್ಯನಿಗೆ ಸ್ವರ್ಗ ಮೂರೇ ಗೇಣು. ಆಗ ಸರಪಣಿಯಮ್ಮ ಅವನ ಕಡೆ ತಿರುಗಿ ಕೈ ಮುಗಿದಳು. "ನೀವು ದೊಡ್ಡೋರು ಗುರುಗಳೇ. ಶಿಕ್ಷೆ ಏನು ಅಂತ ನೀವೇ ಹೇಳಿಬಿಡಿ."

"ಇನ್ನೊಬ್ಬರ ಮನೆ ಮುರಿಯೋ ಬುದ್ಧಿ ಇರೋರು ಯಾರೇ ಆಗ್ಲಿ," ಅಂದ ವರದಯ್ಯ ಎದೆ ಉಬ್ಬಿಸಿ, "ಹೊತ್ತು ಮುಳುಗೋದ್ರೊಳಗೆ ಈ ರಾಜ್ಯ ಬಿಟ್ಟು ಹೋಗಬೇಕು."

"ಹಂಗೇ ಆಗ್ಲಿ" ಅಂದ ರಾಜ.

"ಆಗ್ಲಿ" ಅಂದಳು ಅವಳೂ. "ಅದಕ್ಕೆ ಮುಂಚೆ ಆ ಮನೆಗಳನ್ನ ಸಭೆಗೆ ತರಿಸಿ ಮಹಾಸ್ವಾಮಿ. ಎಂಟು ಜನ ಆಳು ಸಾಕು, ಹೊತ್ಕೊಂಡು ಬರ್ತಾರೆ."

"ಮನೆ ಹೊತ್ಕೊಂಡು ಬರೋದಾ?" ಅಂತ ಸಭೆ ಕಿಸಕ್ಕೆಂದಿತು. ಎಂಟು ಆಳು ಪಿಯಾನೋ ತಂದು ಇಳಿಸಿದ್ರು. ಅವಳು ಬಿಳಿ ಪಟ್ಟಿ ಮುಟ್ಟಿ "ಇದು ಬಿಳಿ ಮನೆ" ಅಂದಳು. ಕರಿ ಪಟ್ಟಿ ಮುಟ್ಟಿ "ಇದು ಕರಿ ಮನೆ" ಅಂದಳು. ವರದಯ್ಯನ ಮುಖ ಸುಟ್ಟ ಬದನೆಕಾಯಿ ಆಯ್ತು.

ದಳವಾಯಿ ಬಂದ. ಮೂರು ಬೆರಳಲ್ಲಿ ಆರತಿ ಹಾಡು ನುಡಿಸಿದ. ಮನೆಯಿಂದ ಮನೆಗೆ ಮೆತ್ತಗೆ ನುಗ್ಗಿದ, ಬೆರಳು ಕಮ್ಮಿ ಅಂತ ಯಾರಿಗೂ ಗೊತ್ತಾಗಲಿಲ್ಲ. ರಾಜಕುಮಾರಿ ಬಂದು ಎಂಟೆಂಟು ಮನೆ ಹಾರಿಸಿ ಟಕ ಟಕ ಟಕ ಅಂತ ಕುದುರೆ ಓಡಿಸಿದ್ಲು. ಬಾಗಿಲ ಹೊರಗೆ ಕಟ್ಟಿದ್ದ ನಿಜವಾದ ಕುದುರೆ ಕೆನೆಯಿತು. ಸಭೆ ಬಿದ್ದೂ ಬಿದ್ದೂ ನಕ್ಕಿತು.

ಕಡೆಗೆ ದೊಡ್ಡಮ್ಮಣ್ಣಿ ಬಂದು ಕೂತಳು. ಬಿಳಿ ಮನೇಲಿ ಲಾಲಿಯ ಮೊದಲ ಸಾಲು ನುಡಿಸಿದ್ಲು. ಅಲ್ಲಿಂದ ಮೆಲ್ಲಗೆ ಕರಿ ಮನೆಗೆ ಹೋದಳು. ಮರೆತ ಸಾಲು ಬಂತು.

"ಅವ್ವಾ," ಅಂದ ಬೊಮ್ಮರಸ, ರಾಜ ಅನ್ನೋದನ್ನೇ ಮರೆತು, "ನಾನು ಮಗು ಆಗಿದ್ದಾಗ ನೀನು ಇದನ್ನ ಅರ್ಧಕ್ಕೇ ನಿಲ್ಲಿಸ್ತಿದ್ದೆ."

"ಮಿಕ್ಕರ್ಧ ಎಲ್ಲೋ ಹೋಗಿತ್ತು ಕಂದ. ಈಯಮ್ಮ ನನ್ನ ಪಕ್ಕ ಕೂತೂ ಕೂತೂ ಅದನ್ನ ಹುಡುಕಿಕೊಟ್ಲು."

ರಾಜ ಕಣ್ಣೊರೆಸಿಕೊಂಡು ವರದಯ್ಯನ ಕಡೆ ತಿರುಗಿದ. "ಗುರುಗಳೇ, ಇನ್ನೊಬ್ಬರ ಮನೆ ಮುರಿಯೋಕೆ ಹೊರಟೋರು ಯಾರು ಅಂತ ಈಗ ಗೊತ್ತಾಯ್ತು. ಶಿಕ್ಷೆ ನಿಮ್ಮ ಬಾಯಲ್ಲೇ ಬಂದಿದೆ. ಹೊತ್ತು ಮುಳುಗೋದ್ರೊಳಗೆ ಹೊರಡಿ."

ಮಾಡಿದ್ದುಣ್ಣೋ ಮಹರಾಯ! ವರದಯ್ಯ ತಲೆ ತಗ್ಗಿಸಿ ಬಾಗಿಲ ಕಡೆ ಹೆಜ್ಜೆ ಹಾಕಿದ. ಆಗ ಸರಪಣಿಯಮ್ಮ ಅಡ್ಡ ಬಂದಳು. "ಮೂರು ದಿನ ತಡೀರಿ ಮಹಾಸ್ವಾಮಿ. ಇವರನ್ನ ನನಗೆ ಶಿಷ್ಯರಾಗಿ ಕೊಡಿ. ಪಾಠ ಹತ್ತದಿದ್ರೆ ಆಮೇಲೆ ಕಳಿಸುವಿರಂತೆ."

ಮೊದಲ ದಿನ ವರದಯ್ಯ ತಲೆ ತಗ್ಗಿಸ್ಕೊಂಡು ಹೋದ. ಮಣೆ ಹಾಕಿದ್ಲು, ನೀರು ಕೊಟ್ಲು. "ನಿಮಗೇನು ಬೇಕು?"

"ದಳವಾಯಿ ನುಡಿಸಿದ್ನಲ್ಲ, ಅದು."

"ಅದು ಅವರದ್ದು. ನಾಳೆ ಬನ್ನಿ."

ಎರಡನೇ ದಿನ ಹೋದ. "ನಿಮಗೇನು ಬೇಕು?"

"ನೀನು ನುಡಿಸ್ತೀಯಲ್ಲ, ಅದು."

"ಅದು ನನ್ನದು. ನಾಳೆ ಬನ್ನಿ."

ಮೂರನೇ ದಿನ ಹೋದ. "ನಿಮಗೇನು ಬೇಕು ಗುರುಗಳೇ?"

ವರದಯ್ಯ ಇನ್ನೊಬ್ಬರ ಹತ್ರ ಇರೋದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡ. ಅದರಲ್ಲಿ ಅವನದ್ದು ಅನ್ನೋದು ಒಂದೂ ಇರಲಿಲ್ಲ. ಐವತ್ತೆಂಟು ವರ್ಷದ ಗಂಡಸು ಮಗು ಥರ ಅತ್ತುಬಿಟ್ಟ.

"ನನ್ನನ್ನ ಯಾರೂ ಹಂಗೆ ಕೇಳಿರಲಿಲ್ಲ ತಾಯಿ. ಸಣ್ಣವನಿದ್ದಾಗ ನಮ್ಮಮ್ಮ ಬೆಳಿಗ್ಗೆ ಮೊಸರು ಕಡೆಯೋಳು. ಗಡಗಡ ಗಡಗಡ ಅಂತ ಕಡಗೋಲಿನ ಸದ್ದು. ಅದನ್ನ ಒಂದ್ಸಲ ವೀಣೇಲಿ ನುಡಿಸಿದೆ. ಇದೆಂಥಾ ಸಂಗೀತ ಅಂತ ಅಪ್ಪ ಬೆತ್ತದಲ್ಲಿ ಹೊಡೆದ. ಅಲ್ಲಿಂದೀಚೆ ನುಡಿಸಲಿಲ್ಲ. ನಂಗೆ ಅದು ಬೇಕು."

ಸರಪಣಿಯಮ್ಮ ಪಿಯಾನೋ ಮುಚ್ಚಳ ಮುಚ್ಚಿದಳು. "ಅದು ನನ್ನ ಈ ಮನೆಗಳಲ್ಲಿ ಎಲ್ಲೂ ಇಲ್ಲ ಗುರುಗಳೇ. ಅದು ಇರೋದು ನಿಮ್ಮ ಮನೇಲೇ. ಹೋಗಿ, ವೀಣೆ ಇಳಿಸಿ."

ವರದಯ್ಯ ಮನೆಗೆ ಹೋದ. ವೀಣೆ ಇಳಿಸಿ ನುಡಿಸಿದ. ಒಳಗೆ ಬೇಳೆ ಬೇಯಿಸ್ತಿದ್ದ ತುಂಗಮ್ಮ ಸೌಟು ಹಿಡ್ಕೊಂಡೇ ಓಡಿಬಂದ್ಲು. "ಏನ್ರೀ ಇದು, ಈ ಹೊತ್ತಲ್ಲಿ ಯಾರು ಮೊಸರು ಕಡೀತಿದ್ದಾರೆ?"

ಪಾಠ ಹತ್ತಿತು ಅಂತ ಸರಪಣಿಯಮ್ಮ ರಾಜನಿಗೆ ಹೇಳಿದ್ಲು. ಗಡೀಪಾರು ತಪ್ಪಿತು. ಮಾರನೇ ದಿನ ವರದಯ್ಯ ಬೆತ್ತ ಮುರಿದು ಒಲೆಗೆ ಹಾಕಿದ. ಜಗಲಿಗೆ ಒಂದು ಮಗು ಬಂತು. ಅವನು ಮಣೆ ಹಾಕಿದ, ನೀರು ಕೊಟ್ಟ, ಗಂಟಲು ಸರಿ ಮಾಡ್ಕೊಂಡು ಕೇಳ್ದ: "ನಿಂಗೇನು ಬೇಕಪ್ಪ?"

ನೀತಿ ಏನು ಅಂತೀರಾ? ಹೊಟ್ಟೆಕಿಚ್ಚು ಹೊರಡೋದು ಪಕ್ಕದ ಮನೆ ಸುಡೋಕೆ, ಸುಡೋದು ಮಾತ್ರ ಸ್ವಂತ ಮನೇನ. ಅವರ ಮನೇಲೇನಿದೆ ಅಂತ ಕಿಟಕೀಲಿ ಕಿವಿ ಇಡೋ ಮುಂಚೆ, ನಿಮ್ಮ ಮನೇಲೇನಿದೆ ಅಂತ ಒಂದ್ಸಲ ಬಾಗಿಲು ತೆಗೆದು ನೋಡಿ.

ಅವರು ವೀಣೆ ಪಕ್ಕ, ನಾವು ಒಲೆ ಪಕ್ಕ. ಏಳಿ, ಅನ್ನ ಆರೋಗತ್ತೆ.