ಸುಮ್ಮನಿರಬೇಕಾದ ನೀರು

"ಬುದ್ಧೀ, ಈಚೆಗೆ ಯಾರನ್ನು ನೋಡಿದರೂ ಮೋಸವೇ ಕಾಣುತ್ತದೆ. ಕಾಲ ಕೆಟ್ಟಿದೆಯೋ, ನನ್ನ ಕಣ್ಣು ಕೆಟ್ಟಿದೆಯೋ?" ಎಂದು ಸಿದ್ದಮಲ್ಲ ಗುರುಗಳನ್ನು ಕೇಳಿದ. ಮಠಕ್ಕೆ ಸೇರಿ ವರ್ಷಗಳೇ ಆಗಿದ್ದರೂ ಅವನು ತನ್ನ ಮನೆಯ ಮಾತನ್ನು ಯಾರ ಹತ್ತಿರವೂ ಆಡಿದವನಲ್ಲ; ಅಣ್ಣನ ವಿಷಯ ಬಂದರಂತೂ ಎದ್ದು ಹೋಗುತ್ತಿದ್ದ. "ನಿನ್ನೆ ಒಬ್ಬ ದಾರಿಹೋಕ ಬಂದು ಕುಡಿಯಲು ನೀರು ಕೇಳಿದ. ಅವನನ್ನು ನಾನು ಹಿಂದೆ ಕಂಡೇ ಇಲ್ಲ. ಆದರೂ ಮುಖದಲ್ಲಿ ಮೋಸ ಕಂಡಿತು. ಬಾಗಿಲು ಹಾಕಿಕೊಂಡೆ."

"ನೀರು ಕೊಡಲಿಲ್ಲವೋ?"

"ಇಲ್ಲ ಬುದ್ಧಿ."

"ಒಳ್ಳೆಯ ಕೆಲಸ ಮಾಡಿದೆ. ಮಠಕ್ಕೆ ಒಂದು ಲೋಟ ನೀರು ಉಳಿಯಿತು," ಎಂದರು ಗುರುಗಳು. ಆಮೇಲೆ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಸೊಳ್ಳೆ ಕಚ್ಚಿ ಬರುವ ಜ್ವರಗಳನ್ನು ರಕ್ತದಲ್ಲಿ ಹುಡುಕುವುದು ಅವನ ಕೆಲಸ. ಆ ಜ್ವರದ ವೈರಸ್ಸು ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕಾಗಿ ಅವನ ಹತ್ತಿರ ಒಂದು ಮೆಷಿನ್ ಇತ್ತು. ಟ್ಯೂಬಿನಲ್ಲಿ ವೈರಸ್ಸಿನ ಒಂದೇ ಒಂದು ತುಣುಕಿದ್ದರೂ ಸಾಕು, ಮೆಷಿನ್ ಅದನ್ನು ಕೋಟಿ ಮಾಡುತ್ತದೆ. ಆಗ ಪರದೆಯ ಮೇಲೆ ಒಂದು ಗೆರೆ ಮೇಲೇಳುತ್ತದೆ. ಗೆರೆ ಎದ್ದರೆ ಜ್ವರ ಇದೆ, ಮಲಗಿದ್ದರೆ ಇಲ್ಲ.

ಆ ಕೆಲಸಕ್ಕೆ ಎರಡು ಕಟ್ಟಳೆ. ಮೆಷಿನ್‌ನಿಂದ ಹೊರಬಂದ ಟ್ಯೂಬಿನ ಮುಚ್ಚಳ ತೆಗೆಯಬಾರದು. ತೆಗೆದರೆ ಒಳಗಿನ ಕೋಟಿ ತುಣುಕೂ ಹೊರಬಂದು ಕೋಣೆ ತುಂಬುತ್ತದೆ. ಇನ್ನೊಂದು, ಪ್ರತಿ ಸಲವೂ ರೋಗಿಗಳ ಟ್ಯೂಬುಗಳ ಜೊತೆ ಬರೀ ನೀರಿನ ಒಂದು ಟ್ಯೂಬು ಇಡಬೇಕು. ನೀರಿನ ಗೆರೆ ಏಳಬಾರದು. ನೀರು ಸುಮ್ಮನಿದ್ದರೆ ಮಾತ್ರ ಉಳಿದವು ಹೇಳಿದ್ದನ್ನು ನಂಬಬಹುದು.

ನಮ್ಮ ಪರೀಕ್ಷಕ ನೀರು ಇಡುವುದನ್ನು ಬಿಟ್ಟ. ಜ್ವರದ ಕಾಲ, ಕಿಟಕಿಯ ಮುಂದೆ ಜನವೋ ಜನ. ನೀರು ಯಾವತ್ತು ಏನು ಹೇಳಿದೆ, ಇವತ್ತು ಹೇಳುವುದಕ್ಕೆ? ಆ ಜಾಗದಲ್ಲಿ ಇನ್ನೊಬ್ಬ ರೋಗಿಯ ಟ್ಯೂಬು ಹಿಡಿಯುತ್ತದೆ ಎಂದುಕೊಂಡ. ತಪ್ಪು ಮಾಡುವವನಿಗೆ ಇಂಥದ್ದೊಂದು ಒಳ್ಳೆಯ ಕಾರಣ ಸಿಕ್ಕೇ ಸಿಗುತ್ತದೆ.

ಹೀಗಿರುವಾಗ ದೊಡ್ಡ ಲ್ಯಾಬಿನಿಂದ ಅವನಿಗೆ ಕೆಲವು ಸೀಸೆಗಳು ಬಂದವು. ಪರೀಕ್ಷೆ ಮಾಡುವವರನ್ನೇ ಪರೀಕ್ಷೆ ಮಾಡುವ ಪದ್ಧತಿ ಅದು. ಯಾವುದರಲ್ಲಿ ಡೆಂಗ್ಯೂ, ಯಾವುದರಲ್ಲಿ ಚಿಕೂನ್‌ಗುನ್ಯ, ಯಾವುದರಲ್ಲಿ ಏನೂ ಇಲ್ಲ ಎಂಬುದು ಕಳಿಸಿದವರಿಗೆ ಮಾತ್ರ ಗೊತ್ತು. ಅವನು ಎಲ್ಲವನ್ನೂ ನೋಡಿ ಉತ್ತರ ಕಳಿಸಿದ. ಅಲ್ಲಿಂದ ಫೋನ್ ಬಂತು. ಅವನು ಡೆಂಗ್ಯೂ ಎಂದ ಒಂದು ಸೀಸೆಯಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲವಂತೆ.

ಅವನು ನಂಬಲಿಲ್ಲ. ತಾನೇ ನೀರು ಇಟ್ಟು ನೋಡಿದ. ಗೆರೆ ಎದ್ದಿತು. ನೀರು ಕೆಟ್ಟಿರಬೇಕೆಂದು ಹೊಸ ಬಾಟಲಿ ತೆರೆದ. ಆಗಲೂ ಎದ್ದಿತು. ರಕ್ತವನ್ನೇ ಕಾಣದ, ಮೈಯೇ ಇಲ್ಲದ ನೀರಿಗೆ ಜ್ವರ ಬಂದಿತ್ತು.

ಆ ಟ್ಯೂಬನ್ನು ದೊಡ್ಡ ಲ್ಯಾಬಿಗೆ ಕಳಿಸಿ, ಇದು ಯಾರ ಜ್ವರ ನೋಡಿ ಹೇಳಿ ಎಂದ. ವೈರಸ್ಸಿಗೂ ಚಹರೆ ಇರುತ್ತದೆ, ಬಲ್ಲವರು ಗುರುತು ಹಿಡಿಯುತ್ತಾರೆ. ಇದರಲ್ಲಿ ಅಪರೂಪದ ಒಂದು ಗುರುತಿತ್ತು. ಹಿಂದೆ ಅವನು ಕಳಿಸಿದ್ದ ಸ್ಯಾಂಪಲ್ಲುಗಳಲ್ಲಿ ಒಂದರಲ್ಲಿ ಮಾತ್ರ ಅದು ಸಿಕ್ಕಿತ್ತು. ಅವರು ಆ ರೋಗಿಯ ಹೆಸರು ಹೇಳಿದರು. ಅದು ಅವನ ಹೆಂಡತಿಯ ಹೆಸರು.

ಅವಳು ಮುಂಗಾರಿನಲ್ಲಿ ಡೆಂಗ್ಯೂ ಬಂದು ತೀರಿಕೊಂಡಿದ್ದಳು. ಅವಳ ರಕ್ತವನ್ನು ಅವನೇ ಮೆಷಿನ್‌ಗೆ ಹಾಕಿದ್ದ. ಗೆರೆ ಎದ್ದಾಗ ಸುಳ್ಳಿರಬೇಕೆಂದು ಟ್ಯೂಬು ಹೊರತೆಗೆದು ಮುಚ್ಚಳ ಬಿಚ್ಚಿದ್ದ. ಒಳಗೆ ಏನು ಕಾಣುತ್ತದೆಂದು ಬಿಚ್ಚಿದನೋ ಅವನಿಗೇ ತಿಳಿಯದು. ದುಃಖದಲ್ಲಿರುವವನಿಗೆ ಕಟ್ಟಳೆ ನೆನಪಾಗುತ್ತದೆಯೇ, ಪಾಪ. ಅಂದಿನಿಂದ ಅವಳ ಜ್ವರ ಆ ಕೋಣೆಯಲ್ಲೇ ಇತ್ತು. ಮೇಜಿನ ಮೇಲಿತ್ತು, ಅವನ ಕೋಟಿನ ತೋಳಿನಲ್ಲಿತ್ತು. ಆಮೇಲೆ ಬಂದವರ ರಕ್ತದಲ್ಲೆಲ್ಲ ಅವನು ಅವಳನ್ನೇ ಕಾಣುತ್ತ ಬಂದಿದ್ದ.

ಇದು ತಿಳಿದ ಮೇಲೆ ಕೋಣೆಯನ್ನು ತೊಳೆಯಬೇಕಿತ್ತು. ಅವನು ತೊಳೆಯಲಿಲ್ಲ. ಬಾಗಿಲು ಹಾಕಿಕೊಂಡು, ಬರೀ ನೀರನ್ನು ಮೆಷಿನ್‌ಗೆ ಹಾಕಿ ಕೂತ. ಗೆರೆ ಮೆಲ್ಲಗೆ ಏಳತೊಡಗಿತು.

"ಬಂದೆಯಾ?" ಎಂದ.

ಸತ್ತವರನ್ನು ಕರೆಯಲು ಜನ ಏನೇನೋ ಮಾಡುತ್ತಾರೆ. ಇವನಿಗೆ ಒಂದು ಹನಿ ನೀರು ಸಾಕಾಯಿತು.

ಮರುದಿನವೂ ಹಾಗೇ ಕೂತಿದ್ದಾಗ ಯಾರೋ ಕಿಟಕಿ ಬಡಿದರು. ಕಬ್ಬು ಕಡಿಯುವವನೊಬ್ಬನ ಹೆಂಡತಿ ನಿಂತಿದ್ದಳು. ಅವಳ ಗಂಡನಿಗೆ ಡೆಂಗ್ಯೂ ಎಂದು ಇವನೇ ರಿಪೋರ್ಟ್ ಕೊಟ್ಟಿದ್ದ.

"ಸ್ವಾಮಿ, ಇನ್ನೊಂದ್ ಸಲ ನೋಡಿ. ನಮ್ಮೋರ ಕಣ್ಣೆಲ್ಲ ಹಳ್ದಿಯಾಗವೆ. ಡಾಕ್ಟ್ರು ನಿಮ್ ಚೀಟಿ ನೋಡ್ಬುಟ್ಟು, ಡೆಂಗ್ಯೂನೇ ಕಣಮ್ಮ, ಬ್ಯಾರೆ ಔಷ್ದಿ ಬ್ಯಾಡ ಅಂತಾವ್ರೆ."

ಅವನು ತಿರುಗಿ ಪರದೆ ನೋಡಿದ. ಗೆರೆ ಎದ್ದು ನಿಂತಿತ್ತು. ತೊಳೆದರೆ ತನ್ನವಳು ಹೋಗುತ್ತಾಳೆ. ತೊಳೆಯದಿದ್ದರೆ ಈ ಹೆಂಗಸಿನ ಗಂಡ ಹೋಗುತ್ತಾನೆ. ಅವನು ಎಷ್ಟು ಹೊತ್ತು ಹಾಗೆ ನಿಂತನೋ, ಆ ಹೆಂಗಸು ಮತ್ತೆ ಕಿಟಕಿ ಬಡಿಯಬೇಕಾಯಿತು.

ಆಗ ಎಚ್ಚೆತ್ತು ಆಸ್ಪತ್ರೆಗೆ ಓಡಿದ. "ಡಾಕ್ಟ್ರೇ, ಆ ಜ್ವರ ಅವನದಲ್ಲ. ನಮ್ಮ ಮನೆಯದು," ಎಂದ. ಬೇರೆ ಕಡೆ ಪರೀಕ್ಷೆ ಮಾಡಿಸಿದಾಗ ಇಲಿಜ್ವರ ಎಂದು ಗೊತ್ತಾಯಿತು. ಅದಕ್ಕೆ ಮದ್ದಿದೆ. ಕಬ್ಬು ಕಡಿಯುವವನು ಉಳಿದುಕೊಂಡ. ಅವನಿಗಿಂತ ಮುಂಚೆ ರಿಪೋರ್ಟ್ ಹಿಡಿದುಕೊಂಡು ಹೋದವರು ಏನಾದರು ಎಂದು ನನ್ನನ್ನು ಕೇಳಬೇಡ.

ಪರೀಕ್ಷಕ ವಾಪಸು ಬಂದು ಕೋಟು ಸುಟ್ಟ. ಮೇಜು, ನೆಲ, ಗೋಡೆಗಳನ್ನೆಲ್ಲ ಬ್ಲೀಚಿಂಗ್ ನೀರು ಹಾಕಿ ತೊಳೆದ. ಅಳುತ್ತ ಅಳುತ್ತಲೇ ತೊಳೆದ. ಹೆಂಡತಿಯನ್ನು ಎರಡನೇ ಸಲ ಕಳಿಸಿಕೊಡುವ ಕೆಲಸ ಅದು. ಎಲ್ಲ ಮುಗಿದ ಮೇಲೆ ಒಂದು ಟ್ಯೂಬಿನಲ್ಲಿ ನೀರು ಇಟ್ಟು ಮೆಷಿನ್ ಮುಂದೆ ಕೂತ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

"ನೀರು ಸುಮ್ಮನಾಯಿತೇ ಬುದ್ಧಿ?" ಎಂದು ಸಿದ್ದಮಲ್ಲ ಕೇಳಿದ.

ಗುರುಗಳು ಅವನ ಮುಖ ನೋಡಿದರು.

"ನಿಮ್ಮಣ್ಣ ನಿನಗೆ ಮೋಸ ಮಾಡಿ ಎಷ್ಟು ವರ್ಷವಾಯಿತು, ಸಿದ್ದಮಲ್ಲ?"