ದಳವಾಯಿಯನ್ನೇ ಬದಲಿ ಕೇಳಿದ ಚೌಡವ್ವ

ಹತ್ತಿರ ಬನ್ನಿ ಮಕ್ಕಳೇ, ಹಿಂದೆ ಕೂತವರಿಗೂ ಕೇಳಿಸಬೇಕು. ಇದು ಚೆಂಡಾಟದ ಕಥೆ.

ಹೊಳೆಯೊಂದು ಕೋಟೆಯನ್ನು ಬಳಸಿಕೊಂಡು ಹರಿಯುವ ಒಂದು ರಾಜ್ಯ. ಅಲ್ಲೊಬ್ಬ ರಾಜ. ಒಳ್ಳೆಯವನೇ, ಆದರೆ ಯಾರು ಏನು ಹೇಳಿದರೂ ನಗುತ್ತಾ ತಲೆಯಾಡಿಸುವವನು. ಆ ರಾಜ್ಯದ ಜನಕ್ಕೆ ಒಂದೇ ಹುಚ್ಚು, ಚೆಂಡಾಟದ ಹುಚ್ಚು.

ಚೆಂಡು ಅಂದರೆ ಗುಂಡಗಿನ ಚೆಂಡಲ್ಲ. ತೆಂಗಿನಕಾಯಿಯ ಹಾಗೆ ಉದ್ದಕ್ಕಿರುವ ತೊಗಲಿನ ಚೆಂಡು. ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ಯಾರಿಗೂ ಗೊತ್ತಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮರಳಿನ ಮೇಲೆ ಆಟ. ಆ ಕಡೆ ಹದಿನೆಂಟು ಮಂದಿ, ಈ ಕಡೆ ಹದಿನೆಂಟು ಮಂದಿ. ಓಡಬೇಕು, ಒದೆಯಬೇಕು, ಹಾರಿ ಹಿಡಿಯಬೇಕು. ಎರಡು ಬಿದಿರು ಕಂಬಗಳ ನಡುವೆ ಚೆಂಡು ತೂರಿದರೆ ಗೆದ್ದ ಹಾಗೆ.

ಪ್ರತಿ ಕೇರಿಗೂ, ಪ್ರತಿ ಹಳ್ಳಿಗೂ ಒಂದು ತಂಡ. ಕೋಟೆಕೇರಿಯವರದು ನೀಲಿ ರುಮಾಲು. ಕುಂಬಾರಕೇರಿಯವರದು ಕೆಮ್ಮಣ್ಣಿನ ಬಣ್ಣದ ರುಮಾಲು.

ಕುಂಬಾರಕೇರಿಯಲ್ಲಿ ಚೌಡವ್ವ ಅಂತ ಒಬ್ಬಳು ಮುದುಕಿ ಇದ್ದಳು. ಚೆಂಡು ಹೊಲಿಯುವುದು ಅವಳ ಕಸುಬು. ಆಟ ನೋಡುವುದು ಅವಳ ಉಸಿರು. ಪಕ್ಕದ ಮನೆಯ ಕೊಂಡಯ್ಯ ಮಡಕೆ ಮಾಡುವವನು. ದಿನಾ ಸಂಜೆ ಇಬ್ಬರೂ ಜಗಲಿಯ ಮೇಲೆ ಕೂತು ಆಟದ ಮಾತಾಡುತ್ತಿದ್ದರು. ಯಾರು ಚೆನ್ನಾಗಿ ಓಡಿದ, ಯಾರು ಕಾಲು ತಪ್ಪಿದ, ಯಾರು ಬಿಸಿಲಿಗೆ ಸುಸ್ತಾದ, ಇದೇ ಮಾತು.

ಕುಂಬಾರಕೇರಿಯ ತಂಡದಲ್ಲಿ ಮೂವರು ಗಟ್ಟಿಗರಿದ್ದರು. ಜವರ ಓಡಿದರೆ ಮರಳಿನಲ್ಲಿ ಹೆಜ್ಜೆ ಮೂಡುತ್ತಿರಲಿಲ್ಲ. ಮಾಚ ಒದ್ದರೆ ಚೆಂಡು ಆಚೆ ದಡ ಕಾಣುತ್ತಿತ್ತು. ಮೂರನೆಯವನು ಬೋರ. ಅವನು ಹಾರುವವನು. ಎದುರಾಳಿಯ ಹೆಗಲಿಗೆ ಮೊಣಕಾಲು ಕೊಟ್ಟು ಮೇಲೆದ್ದನೆಂದರೆ, ಒಂದು ಗಳಿಗೆ ಆಕಾಶದಲ್ಲೇ ನಿಂತುಬಿಟ್ಟನೇನೋ ಅನ್ನಿಸುತ್ತಿತ್ತು. ಆ ಒಂದು ಗಳಿಗೆ ಚೌಡವ್ವ ಉಸಿರಾಡುತ್ತಿರಲಿಲ್ಲ. ಬೋರ ಅವಳ ಮಗನಲ್ಲ, ನೆಂಟನೂ ಅಲ್ಲ. ದಾರಿಯಲ್ಲಿ ಸಿಕ್ಕರೆ "ಚೆನ್ನಾಗಿದೀಯಾ ಅವ್ವ?" ಅನ್ನುತ್ತಿದ್ದ, ಅಷ್ಟೇ. ಆದರೂ ಅವನು ಹಾರಿದ ದಿನ ಅವಳಿಗೆ ಹಸಿವೇ ಆಗುತ್ತಿರಲಿಲ್ಲ.

ಕೋಟೆಕೇರಿ ತಂಡದ ಯಜಮಾನ ದಳವಾಯಿ ಭುಜಂಗಯ್ಯ. ಅವನಿಗೆ ಸೋತರೆ ನಿದ್ದೆ ಬಾರದು. ಒಂದು ದಿನ ರಾಜನ ಹತ್ತಿರ ಹೋಗಿ ಕೈಮುಗಿದ.

"ಪ್ರಭು, ಒಂದೇ ಕೇರಿ ಗೆಲ್ಲುತ್ತಾ ಹೋದರೆ ಉಳಿದವರಿಗೆ ಬೇಸರ. ವರ್ಷಕ್ಕೊಂದು ದಿನ ಅದಲುಬದಲು ಇಡೋಣ. ಒಬ್ಬನನ್ನು ಕೇಳಿದವರು ಇಬ್ಬರನ್ನು ಕೊಡಬೇಕು. ಇಬ್ಬರನ್ನು ಕೊಟ್ಟಮೇಲೆ ಯಾವ ಕೇರಿಯೂ ಇಲ್ಲ ಅನ್ನಬಾರದು."

"ಒಬ್ಬನಿಗೆ ಇಬ್ಬರೇ? ಬಹಳ ಧಾರಾಳ!" ಎಂದ ರಾಜ. ನಗುತ್ತಾ ತಲೆಯಾಡಿಸಿದ. ಕಟ್ಟಳೆ ಆಯಿತು.

ಮೊದಲನೇ ವರ್ಷ ದಳವಾಯಿ ಬಂದ. "ಜವರ ಬೇಕು" ಅಂದ. ಜವರ ಹೋದ. ಬದಲಿಗೆ ಇಬ್ಬರು ಬಂದರು. ಒಬ್ಬನಿಗೆ ಮಂಡಿನೋವು. ಇನ್ನೊಬ್ಬ ಚೆಂಡು ಕಂಡರೆ ಪಕ್ಕಕ್ಕೆ ಸರಿಯುವವನು.

ಎರಡನೇ ವರ್ಷ ದಳವಾಯಿ ಬಂದ. "ಮಾಚ ಬೇಕು" ಅಂದ. ಮಾಚ ಹೋದ. ಬದಲಿಗೆ ಬಂದವರಲ್ಲಿ ಒಬ್ಬನ ತಲೆ ನರೆತಿತ್ತು. ಇನ್ನೊಬ್ಬ ಎರಡು ಹೆಜ್ಜೆ ಓಡಿ ನಾಲ್ಕು ಸಲ ಏದುತ್ತಿದ್ದ.

ಮೂರನೇ ವರ್ಷ ದಳವಾಯಿ ಬಂದ. ಯಾರನ್ನು ಕೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಕೇರಿಯ ಒಲೆಗಳು ಅವತ್ತು ಹೊತ್ತಲಿಲ್ಲ. ಬೋರ ಕೆಮ್ಮಣ್ಣಿನ ರುಮಾಲನ್ನು ಬಿಚ್ಚಿ, ಮಡಚಿ, ಎಲ್ಲಿಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತ. ಕೊನೆಗೆ ಬೇವಿನ ಮರದ ಕೊಂಬೆಗೆ ಸಿಕ್ಕಿಸಿ ಹೊರಟ. ಕೇರಿಗೆ ಕೇರಿಯೇ ಅತ್ತಿತು. ಅವನು ಒಂದೇ ಒಂದು ಸಲ ತಿರುಗಿ ನೋಡಿದ.

ಅವತ್ತು ಸಂಜೆಯೂ ಇಬ್ಬರೂ ಜಗಲಿಯ ಮೇಲೆ ಕೂತರು. ಕೊಂಡಯ್ಯ ಅಂದ:

"ಆಟಗಾರರು ಬರ್ತಾರೆ, ಹೋಗ್ತಾರೆ ಚೌಡವ್ವ. ನಾವು ಕೇರಿಯವರು. ರುಮಾಲಿನ ಬಣ್ಣ ನೋಡಿ ಕೂಗಬೇಕು."

"ರುಮಾಲು ಹಾರುತ್ತೇನಯ್ಯ?" ಅಂದಳು ಚೌಡವ್ವ.

"ಹಾಗಾದರೆ ಬೋರನ ಹಿಂದೆ ಹೋಗಿ ನೀಲಿಯವರ ಕಡೆ ಕೂಗ್ತೀಯಾ?"

ಬೋರನನ್ನು ಬಿಡಲಾಗದು, ಕೇರಿಯನ್ನು ಬಿಡಲಾಗದು. ಚೌಡವ್ವನ ಮನಸ್ಸು ಎರಡು ಕಡೆಗೂ ಎಳೆಯುತ್ತಿತ್ತು.

ಬೋರನ ಬದಲಿಗೆ ಬಂದವರಲ್ಲಿ ಒಬ್ಬನಿಗೆ ಕಣ್ಣು ಮಂದ. ಇನ್ನೊಬ್ಬನ ಹೆಸರು ಸೋಮ. ಮೈಯಲ್ಲಿ ಶಕ್ತಿ ಇತ್ತು, ಮುಖದಲ್ಲಿ ಗೆಲುವಿರಲಿಲ್ಲ. ಚೌಡವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. 'ಬೋರನ ಜಾಗದಲ್ಲಿ ಇವನೇ?' ಅಂತ ಅವಳಿಗೆ ಕೋಪ.

ಒಂದು ಬೆಳಿಗ್ಗೆ ಅವಳು ನೀರಿಗೆ ಹೋದಾಗ ಸೋಮ ಹೊಳೆಯ ದಂಡೆಯಲ್ಲಿ ಒಬ್ಬನೇ ಕೂತಿದ್ದ. ಹೊಳೆ ಹರಿದುಹೋಗುವ ಕಡೆಗೇ ನೋಡುತ್ತಿದ್ದ.

"ಕೋಟೆ ಆ ಕಡೆ ಇದೆ. ನೀನೇನಪ್ಪ ಈ ಕಡೆ ನೋಡ್ತೀಯಾ?" ಕೇಳಿದಳು.

"ನಾನು ಕೋಟೆಯವನಲ್ಲ ಅವ್ವ. ಹೊಳೆ ಕೆಳಗೆ, ಎರಡು ದಿನದ ದಾರಿ, ಬೆಸ್ತರ ಹಟ್ಟಿ. ಅಲ್ಲಿಂದ ದೇವನೂರಿಗೆ ಕೊಟ್ಟರು. ಅಲ್ಲಿಂದ ಕೋಟೆಗೆ ಕೊಟ್ಟರು. ಕೋಟೆಯಿಂದ ನಿಮಗೆ ಕೊಟ್ಟರು."

"ಮೂರು ಸಲ ಕೈ ಬದಲಾದೆಯಾ? ಒಬ್ಬರಾದರೂ ನಿನ್ನ ಕೇಳಲಿಲ್ವೇ?"

ಸೋಮ ನಕ್ಕ. "ನಿಮ್ಮ ಕೇರೀಲಿ ಮಡಕೆ ಮಾರೋವಾಗ ಮಡಕೇನ ಕೇಳ್ತಾರಾ ಅವ್ವ?"

ಚೌಡವ್ವನ ಕೊಡ ತುಂಬಿ ಹರಿಯುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ಇವನಿಗಾಗಿ ಉಸಿರು ಬಿಗಿಹಿಡಿದ ಒಬ್ಬ ಮುದುಕಿ ಬೆಸ್ತರ ಹಟ್ಟಿಯಲ್ಲೂ ಇರಬಹುದಲ್ಲ ಅಂತ ಅವಳಿಗೆ ಆಗ ಹೊಳೆಯಿತು. "ಏಳಪ್ಪ, ಬಿಸಿ ಮುದ್ದೆ ಇದೆ, ಉಣ್ಣು ಬಾ" ಅಂದಳು.

ಆ ವರ್ಷ ಸೋಮನಿಗೂ ಅವಳು ಕೂಗಿದಳು. ಹೆಸರು ಹಿಡಿದು ಕೂಗುವವರು ಸಿಕ್ಕ ಮೇಲೆ ಸೋಮನ ಕಾಲು ಬೇರೆಯೇ ಆಯಿತು. ಆಟ ಎಷ್ಟು ಚೆಂದವಾಯಿತೆಂದರೆ, ದಳವಾಯಿಯ ಕಣ್ಣು ಮತ್ತೆ ಅವನ ಮೇಲೇ ಬಿತ್ತು.

ಸುದ್ದಿ ಕೇರಿಗೆ ಬಂತು. "ಈ ಸಲ ಸೋಮನನ್ನೇ ವಾಪಸು ಕೇಳ್ತಾನಂತೆ." ಚೌಡವ್ವ ಒಂದು ದಿನವೆಲ್ಲ ಸೂಜಿ ಮುಟ್ಟಲಿಲ್ಲ. ಸಂಜೆ ಕೊಂಡಯ್ಯನ ಜಗಲಿಗೆ ಹೋಗಿ, "ಕೊಂಡಯ್ಯ, ನನ್ನ ಜೊತೆ ಒಂದು ಮಾತಿಗೆ ನಿಲ್ತೀಯಾ? ಕಷ್ಟದ ಮಾತು" ಅಂದಳು. ಅವಳು ಹೇಳಿದ್ದನ್ನು ಕೇಳಿ ಕೊಂಡಯ್ಯನ ಕಣ್ಣಲ್ಲಿ ನೀರು ಬಂತು. ಆದರೂ ಹೂಂ ಅಂದ.

ನಾಲ್ಕನೇ ವರ್ಷದ ಅದಲುಬದಲಿನ ದಿನ ಬಂತು. ರಾಜ ಚಪ್ಪರದಲ್ಲಿ ಕೂತ. ದಳವಾಯಿ ಮೀಸೆ ತಿರುವುತ್ತಾ ಎದ್ದ. ಅವನು ಬಾಯಿ ತೆರೆಯುವ ಮೊದಲೇ ಚೌಡವ್ವ ಮುಂದೆ ಬಂದಳು.

"ಮಾಸ್ವಾಮಿ, ಮೂರು ವರ್ಷ ಕೋಟೆಯವರೇ ಕೇಳಿದ್ದಾಯ್ತು. ಈ ಸಲ ಮೊದಲು ಕುಂಬಾರಕೇರಿ ಕೇಳ್ತದೆ."

"ಕೇಳವ್ವ" ಅಂದ ರಾಜ.

"ಕೇಳೋಕೆ ಮುಂಚೆ ದಳವಾಯಿಗಳ ಹತ್ರ ಕಟ್ಟಳೆ ತಿಳ್ಕೋಬೇಕು. ತಂಡಕ್ಕೆ ಸೇರಿದ ಯಾರನ್ನ ಬೇಕಾದರೂ ಕೇಳಬಹುದಾ?"

"ಯಾರನ್ನ ಬೇಕಾದರೂ" ಅಂದ ದಳವಾಯಿ.

"ಹೋಗೋವನ ಒಪ್ಪಿಗೆ ಬೇಕಾ?"

"ಅವನ ಒಪ್ಪಿಗೆ ಯಾಕೆ? ಬೇಕಿಲ್ಲ."

"ಇಬ್ಬರನ್ನ ಕೊಟ್ಟಮೇಲೆ ಇಲ್ಲ ಅನ್ನೋ ಹಾಗಿಲ್ಲ ತಾನೇ?"

"ಇಲ್ಲವೇ ಇಲ್ಲ! ಕಟ್ಟಳೆ ಅಂದರೆ ಕಟ್ಟಳೆ. ಬೇಗ ಹೇಳು ಮುದುಕಿ, ಬೋರ ಬೇಕೇನು? ಅವನಿಗೆ ಬದಲಾಗಿ ಯಾರಿದ್ದಾರೆ ನಿಮ್ಮಲ್ಲಿ?" ದಳವಾಯಿ ಜೋರಾಗಿ ನಕ್ಕ.

"ಬೋರ ಅಲ್ಲ ಸ್ವಾಮಿ. ಕೋಟೆ ತಂಡದ ಯಜಮಾನ ಭುಜಂಗಯ್ಯನೋರು ಬೇಕು. ಬದಲಿಗೆ ನಾನು, ಈ ಕೊಂಡಯ್ಯ. ಇಬ್ಬರು. ಎಣಿಸಿಕೊಳ್ಳಿ."

ದಳವಾಯಿಯ ಮುಖ ಸುಣ್ಣವಾಯಿತು. "ಪ್ರಭು, ಇದು ತಮಾಷೆ!" ಅಂದ. ಯಾವತ್ತೂ ತಲೆಯಾಡಿಸುವ ರಾಜ ಅವತ್ತು ತಲೆಯಾಡಿಸಲಿಲ್ಲ. "ಕಟ್ಟಳೆ ಅಂದರೆ ಕಟ್ಟಳೆ. ನೀನೇ ಈಗ ತಾನೇ ಹೇಳಿದೆಯಲ್ಲ ಭುಜಂಗಯ್ಯ" ಅಂದ.

ದಳವಾಯಿ ನೀಲಿ ರುಮಾಲು ಬಿಚ್ಚಿದ. ಯಜಮಾನನೇ ಕೈತಪ್ಪಿ ಹೋದ ಮೇಲೆ ಸೋಮನನ್ನು ಕೇಳುವವರು ಯಾರೂ ಇರಲಿಲ್ಲ. ಚೌಡವ್ವನಿಗೂ ಕೊಂಡಯ್ಯನಿಗೂ ನೀಲಿ ರುಮಾಲು ಕೊಟ್ಟರು. ಅರವತ್ತು ವರ್ಷ ಇದ್ದ ಕೇರಿಯನ್ನು ಬಿಟ್ಟು, ಕೈಯಲ್ಲಿ ಒಂದು ಗಂಟು ಹಿಡಿದು, ಅವರು ಕೋಟೆಯ ಬಾಗಿಲು ದಾಟಿದರು.

ಹದಿನೈದು ದಿನಕ್ಕೆ ಆಟ ಬಂತು. ಕೋಟೆಗೂ ಕುಂಬಾರಕೇರಿಗೂ.

ಚೌಡವ್ವ ಕೋಟೆಯ ಹೆಂಗಸರ ನಡುವೆ ಕೂತಿದ್ದಳು. ಒಳ್ಳೆಯ ಹೆಂಗಸರು. ಜಾಗ ಬಿಟ್ಟುಕೊಟ್ಟರು, ಎಲೆ ಅಡಿಕೆ ಕೊಟ್ಟರು. ಬೋರ ಮರಳಿಗಿಳಿದ. ಪಕ್ಕದಲ್ಲಿದ್ದ ಹೆಂಗಸು ಅವಳ ಮೊಣಕೈ ಹಿಡಿದು, "ನಮ್ಮ ಬೋರ ಬಂದ ನೋಡವ್ವ!" ಅಂದಳು.

ನಮ್ಮ ಬೋರ! ಚೌಡವ್ವನ ಎದೆಗೆ ಮುಳ್ಳು ತಾಗಿದ ಹಾಗಾಯಿತು. ಬೋರ ಮೇಲೆದ್ದಾಗ ಅವಳು ಆಕಾಶ ನೋಡಲಿಲ್ಲ, ಪಕ್ಕದವಳನ್ನು ನೋಡಿದಳು. ಆ ಹೆಂಗಸು ಉಸಿರಾಡುತ್ತಿರಲಿಲ್ಲ.

ಈಗ ಬೋರನಿಗಾಗಿ ಕೂಗಿದರೆ ಯಾರೂ ತಪ್ಪು ಅನ್ನುವ ಹಾಗಿಲ್ಲ. ನಾಲಿಗೆ ತುದಿಗೆ ಹೆಸರು ಬಂತು. ಆದರೆ ಎದುರಿಗೆ ಕೆಮ್ಮಣ್ಣಿನ ರುಮಾಲುಗಳು ಒಂದೊಂದಾಗಿ ಬೀಳುತ್ತಿದ್ದವು, ಏಳುತ್ತಿದ್ದವು. ಆಟ ಮುಗಿಯುವವರೆಗೂ ಅವಳು ಸೊಲ್ಲೆತ್ತಲಿಲ್ಲ.

ಆಚೆ ಕಡೆ ದಳವಾಯಿ ಕುಂಬಾರರ ನಡುವೆ ಕೂತಿದ್ದ. ಕೇರಿಯವರು ಅವನನ್ನು ಬೈಯಲಿಲ್ಲ, ಹಂಗಿಸಲಿಲ್ಲ. ಮುದ್ದೆ ಇಕ್ಕಿದ್ದರು, ಚಾಪೆ ಹಾಸಿದ್ದರು. "ಕೂಗಿ ಯಜಮಾನರೇ, ನಮ್ಮವರಿಗೆ ಕೂಗಿ" ಅನ್ನುತ್ತಿದ್ದರು, ಅಷ್ಟೇ. ಅವನೇ ಆರಿಸಿ ಆರಿಸಿ ಕಟ್ಟಿದ ತಂಡ ಅವನ ಕಣ್ಣೆದುರಿಗೇ ಅವನನ್ನು ಸೋಲಿಸಿತು. ಕೋಟೆಯ ಜನ ನೀಲಿ ರುಮಾಲು ಬೀಸಿ ಕುಣಿದಾಗ ಅವನ ಕೈಯೂ ತಾನಾಗಿ ಮೇಲೆದ್ದಿತು. ಕೈಯಲ್ಲಿ ಕೆಮ್ಮಣ್ಣಿನ ಬಣ್ಣದ ರುಮಾಲು ಕಂಡಿತು. ಹಾಗೇ ಕುಸಿದು ಕೂತ. ದೊಡ್ಡ ಗಂಡಸು, ಮೀಸೆ ನೆನೆಯುವ ಹಾಗೆ ಅತ್ತ.

ರಾಜ ಚೌಡವ್ವನನ್ನೂ ದಳವಾಯಿಯನ್ನೂ ನೋಡುತ್ತಿದ್ದ. ಇಬ್ಬರನ್ನೂ ಕರೆಸಿದ.

"ಯಾಕೆ ಅಳ್ತೀಯಾ ಭುಜಂಗಯ್ಯ?"

"ಪ್ರಭು, ನಾನು ಕೋಟೆಯವನು. ನನ್ನ ಅಪ್ಪ, ತಾತ ಎಲ್ಲ ಕೋಟೆಯವರು. ನನ್ನನ್ನ ಒಂದು ಮಾತು ಕೇಳದೆ ಕಳಿಸಿಬಿಟ್ಟಿರಿ."

"ನೀನು ಎಷ್ಟು ಜನರನ್ನ ಕೇಳಿದ್ದೆ?"

ದಳವಾಯಿ ತಲೆ ತಗ್ಗಿಸಿದ.

ರಾಜ ಎದ್ದು ನಿಂತ. ತಾನೂ ಕೇಳದೆ ತಲೆಯಾಡಿಸಿದ್ದು ಅವನಿಗೆ ಚುಚ್ಚುತ್ತಿತ್ತು. "ಇವತ್ತಿನಿಂದ ಈ ಕಟ್ಟಳೆ ಇಲ್ಲ. ಇನ್ನು ಯಾರೇ ಕೇರಿ ಬದಲಾಯಿಸಲಿ, ಅವರ ಬಾಯಿಂದಲೇ ಒಪ್ಪಿಗೆ ಬರಬೇಕು. ಈಗ ಒಬ್ಬೊಬ್ಬರನ್ನೂ ಕೇಳ್ತೀನಿ. ಎಲ್ಲಿಗೆ ಹೋಗ್ತೀರಿ?"

ಜವರನನ್ನು ಕೇಳಿದರು. ಮಾತು ಮುಗಿಯುವ ಮೊದಲೇ ಕುಂಬಾರಕೇರಿಯ ಕಡೆ ಓಡಿದ. ಮಾಚನನ್ನು ಕೇಳಿದರು. ಅವನೂ ಬಂದ. ಸೋಮನನ್ನು ಕೇಳಿದರು. ಅವನು ಚೌಡವ್ವನ ಕಾಲು ಮುಟ್ಟಿ, "ಹಟ್ಟಿಗೆ ಹೋಗ್ತೀನವ್ವ" ಅಂದ. ಅವಳು ಅವನ ಬೆನ್ನು ಸವರಿ ಕಳಿಸಿಕೊಟ್ಟಳು.

ಕೊನೆಗೆ ಬೋರ. ಕುಂಬಾರಕೇರಿಯ ಜನ ಆಗಲೇ ಎದ್ದು ನಿಂತಿದ್ದರು. ಕೋಟೆಯ ಜನವೂ ಎದ್ದು ನಿಂತಿದ್ದರು, ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು. ಬೋರ ಈ ಕಡೆ ನೋಡಿದ, ಆ ಕಡೆ ನೋಡಿದ. ಆಮೇಲೆ ಚೌಡವ್ವನ ಮುಂದೆ ಬಂದು ಮಂಡಿಯೂರಿದ.

"ಅವ್ವ, ನಾನು ಹೊರಟ ದಿನ ಒಂದು ಕೇರಿ ಅತ್ತಿದ್ದನ್ನ ಕಂಡಿದೀನಿ. ಇನ್ನೊಂದು ಕೇರಿ ಹಾಗೆ ಅಳೋದನ್ನ ನೋಡಲಾರೆ. ಇವರೂ ನನ್ನನ್ನ ಎತ್ತಿ ಆಡಿಸಿದಾರೆ. ನಾನು ಇಲ್ಲೇ ಇರ್ತೀನಿ. ಬೇಜಾರು ಮಾಡ್ಕೋಬೇಡ."

ಚೌಡವ್ವ ಅವನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಅಂದಳು: "ನಿನ್ನ ಕೇಳಿದರಲ್ಲ ಮಗ. ನೀನು ಹೇಳಿದೆಯಲ್ಲ. ಅದೇ ಸರಿ."

ಚೌಡವ್ವ, ಕೊಂಡಯ್ಯ ತಮ್ಮ ಕೇರಿಗೆ ಬಂದರು. ದಳವಾಯಿ ತನ್ನ ಕೋಟೆಗೆ ಹೋದ. ತಂಡದ ಯಜಮಾನಿಕೆಯನ್ನು ರಾಜ ಅವನಿಗೆ ಮತ್ತೆ ಕೊಡಲಿಲ್ಲ.

ಆಮೇಲೆ ಎಷ್ಟೋ ಬೇಸಿಗೆ ಬಂದವು, ಹೋದವು. ಆಟದ ದಿನ ಚೌಡವ್ವ ಕುಂಬಾರಕೇರಿಯ ಸಾಲಿನಲ್ಲೇ ಕೂರುತ್ತಿದ್ದಳು. ಕುಂಬಾರಕೇರಿಗೇ ಕೂಗುತ್ತಿದ್ದಳು, ಗಂಟಲು ಬೀಳುವ ಹಾಗೆ. ಆದರೆ ಎದುರು ತಂಡದ ಬೋರ ಮೇಲೆದ್ದಾಗ ಮಾತ್ರ ಅವಳ ಕೂಗು ನಡುವೆಯೇ ನಿಂತುಬಿಡುತ್ತಿತ್ತು. ಅವನು ನೆಲಕ್ಕಿಳಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಪಕ್ಕದವರು ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ.

ಕೇಳಿದಿರಾ ಮಕ್ಕಳೇ? ಮನುಷ್ಯರನ್ನು ಕೇಳದೆ ಕೈ ಬದಲಾಯಿಸಬಾರದು. ಹಾಗೆ ಬದಲಾಯಿಸಿದವನು ಒಂದು ದಿನ ತಾನೇ ಅಂಥ ಕೈಗೆ ಸಿಕ್ಕಿ ಅಳುತ್ತಾನೆ. ಮತ್ತೆ, ನಿಮಗೆ ಯಾರ ಮೇಲಾದರೂ ಪ್ರೀತಿ ಇದ್ದರೆ ಅವರು ಎಲ್ಲಿಗೆ ಹೋಗುತ್ತೀನಿ ಅಂದರೂ ತಲೆಯ ಮೇಲೆ ಕೈಯಿಟ್ಟು ಕಳಿಸಿ. ನೋವು ನಿಮ್ಮ ಹತ್ತಿರವೇ ಉಳಿಯುತ್ತದೆ. ಉಳಿಯಲಿ ಬಿಡಿ.