ಕೌದಿಯ ಬಾಯಿ

ಮಲಪ್ರಭೆಯ ದಂಡೆಯಲ್ಲಿ ಬಾಳವ್ವನ ಆಶ್ರಮವಿತ್ತು. ಆಶ್ರಮ ಅಂದರೆ ಒಂದು ತಗಡಿನ ಚಪ್ಪರ, ಒಂದು ಬೇವಿನ ಮರ, ಎರಡು ಚಾಪೆ.

ಅಲ್ಲಿ ಪ್ರವಚನವಿರಲಿಲ್ಲ, ಭಜನೆಯಿರಲಿಲ್ಲ. ಬಂದವರ ಕೈಗೆ ಬಾಳವ್ವ ಸೂಜಿ ಕೊಡುತ್ತಿದ್ದಳು. ಹಳೆಯ ಸೀರೆ, ಹಳೆಯ ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದೇ ಅಲ್ಲಿಯ ಪಾಠ.

ಅವರಾತ್ರಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನೀಲಾಂಬಿಕೆ ಧಾರವಾಡದಿಂದ ಬಂದಳು. ನಲವತ್ತು ದಾಟಿದ ಹೆಂಗಸು. ಬಗಲಲ್ಲಿ ಒಂದು ಚೀಲ, ಚೀಲದಲ್ಲಿ ತೀರಿಹೋದ ತಾಯಿಯ ಒಂದು ಸೀರೆ. ಕೈಯಲ್ಲಿ ಫೋನು.

"ಏನು ಬೇಕಾಗಿತ್ತವಾ?" ಬಾಳವ್ವ ಕೇಳಿದಳು.

"ನಮ್ಮ ಅಮ್ಮ ಬೇಕು."

ಬಾಳವ್ವ ನಗಲಿಲ್ಲ. "ಎಲ್ಲಿ ಕಳಕೊಂಡಿ?" ಎಂದಳು.

ನೀಲಾಂಬಿಕೆ ಫೋನು ತೋರಿಸಿದಳು. "ಇದರಾಗ. ಅಮ್ಮ ಹಾಸಿಗಿ ಹಿಡದಾಗಿನಿಂದ ದಿನಾ ಏನರೆ ಹಾಕತಿದ್ದೆ. ಆಕಿ ರೊಟ್ಟಿ ಬಡಿಯೋ ಕೈ. ದವಾಖಾನಿ ಮಂಚ. ಮೂಗಿನಾಗಿನ ನಳಿಗಿ. ಆಕಿ ಕೊನೀ ಸಲ ನನ್ನ ಗುರುತು ಹಿಡದು ನಕ್ಕದ್ದು. ಎಲ್ಲಾ ಹಾಕಿದೆ. ಎರಡು ಲಕ್ಷ ಮಂದಿ ನೋಡಿದರು. ನನ್ನ ಜೋಡಿ ಅತ್ತರು. ಸುಳ್ಳು ಅಳು ಅಲ್ಲರಿ ಅದು, ಖರೇನ ಅತ್ತರು."

"ಮತ್ತೇನಾತು?"

"ಈಗ ಕಣ್ಣು ಮುಚ್ಚಿದರ ಅಮ್ಮ ಬರೂದಿಲ್ಲ. ಫೋಟೋ ಬರತದ. ಫೋಟೋದ ಕೆಳಗ ಮಂದಿ ಬರದದ್ದು ಬರತದ."

ಬಾಳವ್ವ ಸೂಜಿಯ ಕಣ್ಣನ್ನು ಬಿಸಿಲಿಗೆ ಹಿಡಿದಳು. "ಹಾಕಲಾರದ್ದು ಒಂದೂ ಉಳಿಲಿಲ್ಲೇನು?"

"ಒಂದು ಉಳದದ."

ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುವಾಗ ತಾಯಿ ಅವಳನ್ನು ಒಂದು ಹೆಸರಿನಿಂದ ಕರೆಯುತ್ತಿದ್ದಳು. ಬಾಚಣಿಗೆ ಕೈಯಲ್ಲಿದ್ದಾಗ ಮಾತ್ರ. ಹೆರಳು ಮುಗಿದು ರಿಬ್ಬನ್ನು ಕಟ್ಟಿದ ಮೇಲೆ ಅವಳು ಮತ್ತೆ ಎಲ್ಲರ ನೀಲಾ. ಆ ಹೆಸರು ತಂದೆಗೂ ಗೊತ್ತಿರಲಿಲ್ಲ, ಒಡಹುಟ್ಟಿದ ಅಕ್ಕನಿಗೂ ಗೊತ್ತಿರಲಿಲ್ಲ.

"ಆ ಹೆಸರಿನಿಂದ ನನ್ನ ಕರಿಯೋ ಬಾಯಿ ಈ ಜಗತ್ತಿನಾಗ ಈಗ ಒಂದೂ ಇಲ್ಲರಿ. ಯಾರರೆ ಒಮ್ಮೆ ಕರೀಬೇಕು. ಒಂದ ಸಲ. ಬ್ಯಾರೇ ಏನೂ ಬ್ಯಾಡ ನನಗ."

ಅವಳೇ ಮುಂದುವರಿಸಿದಳು. "ಭಾರತ ಹುಣ್ಣಿವಿ ದಿನ ಅಮ್ಮನ ವರ್ಷ ಮುಗೀತದ. ಆವತ್ತು ಆ ಹೆಸರು ಹೇಳತೀನಿ ಅಂತ ಎಲ್ಲಾರಿಗೂ ಮಾತು ಕೊಟ್ಟುಬಿಟ್ಟೀನಿ. ಹೇಳಿದರ ಎರಡು ಲಕ್ಷ ಮಂದಿ ಹಂಗ ಕರೀತಾರ. ಹೇಳಲ್ಯೋ ಬ್ಯಾಡೋ, ಅವ್ವಾರ?"

ಬಾಳವ್ವ ದಾರ ಪೋಣಿಸಿ ಸೂಜಿಯನ್ನು ಅವಳ ಕೈಗಿಟ್ಟಳು.

"ಹುಣ್ಣಿವಿಗೆ ಇನ್ನ ಹದಿನಾಕು ದಿನ ಐತಿ," ಎಂದಳು. "ಒಂದು ಕೌದಿ ಆಕೈತಿ."

ಒಲೆಯ ಮುಂದೆ ಫಕೀರಪ್ಪ ರೊಟ್ಟಿ ಬಡಿಯುತ್ತಿದ್ದ. ಅವನು ಬಾಳವ್ವನ ಹಿರಿಯ ಶಿಷ್ಯ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು.

"ಎರಡು ಲಕ್ಷ ಮಂದಿ ಅಂದ್ಯೇನು ತಂಗಿ? ನನ್ನ ಬಸ್ಸಿಗೆ ತೊಂಬತ್ತು ಮಂದಿ ಹತ್ತಿದರ ನನಗ ಇಳದು ಹೋಗಬೇಕನಸತಿತ್ತು."

ನೀಲಾಂಬಿಕೆಗೆ ನಾಚಿಕೆಯಾಯಿತು. "ಫೋನು ಬಂದ್ ಮಾಡಿ ನಿಮ್ಮ ಕಡೆ ಕೊಟ್ಟುಬಿಡಲೇನ್ರಿ, ಅವ್ವಾರ?"

"ಯಾಕ? ಅದೇನು ಮಾಡೈತಿ ಪಾಪ? ನರಗುಂದದ ಬಸ್ಸು ಎಷ್ಟಕ್ಕ ಐತಿ, ನೋಡಿ ಹೇಳು. ನಾಳೆ ದಾರ ತರಸಬೇಕು."

ಮೊದಲ ದಿನ ನೀಲಾಂಬಿಕೆ ತಾಯಿಯ ಸೀರೆಯನ್ನು ಎಲ್ಲಕ್ಕಿಂತ ಮೇಲೆ ಹಾಸಿದಳು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು.

ಬಾಳವ್ವ ಬಂದು ನೋಡಿ, ಹೊಲಿಗೆಯನ್ನೆಲ್ಲ ಬಿಚ್ಚಿದಳು.

"ಚಂದಂದು ಕಾಣಬೇಕಲ್ಲರಿ?" ಎಂದಳು ನೀಲಾಂಬಿಕೆ.

"ಮ್ಯಾಲಿಂದು ಬಿಸಲಿಗೆ ಸುಡತೈತಿ, ತಿಕ್ಕಿ ಹರೀತೈತಿ. ಅದಕ್ಕ ಯಾವುದರೆ ನಡೀತೈತಿ. ಬೆಚ್ಚಗಿಡೂದು ಒಳಗಿಂದು."

ಹಸಿರು ಸೀರೆ ಐದು ಪದರಗಳ ನಡುವೆ ಹೋಯಿತು. ಅದರ ಅಂಚು ಕೂಡ ಹೊರಗೆ ಕಾಣಲಿಲ್ಲ. ನೀಲಾಂಬಿಕೆ ಅಂಗೈಯಿಂದ ಕೌದಿಯನ್ನು ಸವರಿ ಸವರಿ ಅದು ಎಲ್ಲಿದೆಯೆಂದು ಹುಡುಕಿದಳು.

ಆರನೆಯ ದಿನ ಬಾಳವ್ವ ತಾನು ಹೊದೆಯುವ ಹಳೆಯ ಕೌದಿಯನ್ನು ತಂದುಕೊಟ್ಟಳು. "ಮೂಲ್ಯಾಗ ದಾರ ಬಿಟ್ಟೈತಿ. ನಾಕು ಟಾಕಿ ಹಾಕು."

ದಾರ ಬಿಟ್ಟದ್ದು ನಾಲ್ಕು ಬೆರಳು. ಒಳಗೆ ಏನೋ ಮೆತ್ತಗೆ ಕೈಗೆ ಸಿಕ್ಕಿತು. ನೀಲಾಂಬಿಕೆ ಅತ್ತಿತ್ತ ನೋಡಿದಳು. ಆಮೇಲೆ ಒಂದು ಗೇಣು ಬಿಚ್ಚಿದಳು.

ಪದರಗಳ ನಡುವೆ ಒಂದು ಕುಲಾವಿ ಇತ್ತು. ಕೂಸಿನ ಟೊಪ್ಪಿಗೆ. ಹಳದಿಯೋ ಬಿಳಿಯೋ ಹೇಳಲಾಗದಷ್ಟು ಬಣ್ಣ ಮಾಸಿತ್ತು. ಬಾಳವ್ವನಿಗೆ ಮಕ್ಕಳಿದ್ದರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನೀಲಾಂಬಿಕೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಕಣ್ಣು ಒದ್ದೆಯಾದವು. ಕಣ್ಣೊರೆಸಿಕೊಳ್ಳುವ ಮೊದಲೇ ಕೈ ಫೋನಿಗೆ ಹೋಗಿತ್ತು.

ಫೋಟೋದ ಕೆಳಗೆ ಅವಳು ಬರೆದಳು: ನಮ್ಮ ಬಾಳವ್ವನ ಕೌದಿಯೊಳಗೆ ಯಾರ ಕೂಸು?

ಆಮೇಲೆ ಕುಲಾವಿಯನ್ನು ಇದ್ದಲ್ಲೇ ಇಟ್ಟು, ನಾಜೂಕಾಗಿ ಹೊಲಿದು, ಕೌದಿ ಮಡಚಿ ಕೊಟ್ಟಳು.

ರವಿವಾರ ಹೊಳೆಯ ದಂಡೆಗೆ, ಆ ಫೋಟೋ ನೋಡಿದವರ ಮೂರು ಗಾಡಿ ಬಂದವು.

"ಹಿಂದ ಸರೀರಿ, ಹಿಂದ ಸರೀರಿ," ಎಂದು ಫಕೀರಪ್ಪ ಹಳೆಯ ಅಭ್ಯಾಸದಿಂದ ಕೂಗಿದ. ಯಾರೂ ಹಿಂದೆ ಸರಿಯಲಿಲ್ಲ.

ಒಬ್ಬಳು ಕೌದಿಯನ್ನು ಎದೆಗೊತ್ತಿಕೊಂಡು ಅತ್ತಳು. ಒಬ್ಬ ತುಸು ಹೊಲಿಗೆ ಬಿಚ್ಚಿ ಬೆಳಕಿಗೆ ಹಿಡಿಯಬಹುದೇ ಎಂದು ವಿನಯದಿಂದಲೇ ಕೇಳಿದ. ಬಿಚ್ಚಿದರು. ಹಿಡಿದರು. ಕುಲಾವಿ ಕೈಯಿಂದ ಕೈಗೆ ಹೋಯಿತು.

"ಹೆಣ್ಣೋ ಗಂಡೋ, ಅಜ್ಜೀ?" ಯಾರೋ ಕೇಳಿದರು.

"ಮಜ್ಜಿಗಿ ಕುಡೀರಿ," ಎಂದಳು ಬಾಳವ್ವ.

ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಅವರು ಕೈಮುಗಿದು ಹೋದರು. ಕುಲಾವಿಯನ್ನು ಒಳಗೆ ತುರುಕಿ, ಕೌದಿಯನ್ನು ಬಾಯಿ ತೆರೆದಂತೆಯೇ ಚಾಪೆಯ ಮೇಲೆ ಬಿಟ್ಟುಹೋಗಿದ್ದರು.

ನೀಲಾಂಬಿಕೆ ಬಾಳವ್ವನ ಕಾಲ ಬಳಿ ಕುಸಿದಳು. "ತಪ್ಪಾತ್ರಿ. ಅಳಿಸಿಬಿಟ್ಟೆ. ಈಗ ಅಳಿಸಿಬಿಟ್ಟೆ."

"ಎಲ್ಲಿಂದ?"

"ಫೋನಿನಿಂದ."

ಬಾಳವ್ವ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಹಳ ಹೊತ್ತು ಅದರ ಮೇಲೆ ಕೈಯಾಡಿಸುತ್ತ ಕೂತಳು.

"ನಲವತ್ತೊಂದು ವರ್ಷ ಆ ಕುಲಾವಿ ನನ್ನ ಜೋಡಿ ಮಾತಾಡೈತಿ. ಇವತ್ತು ಅದೂ ಮಂದಿ ಕೇಳಿದ್ದ ಕೇಳಾಕ ಹತ್ತೈತಿ. ಹೆಣ್ಣೋ ಗಂಡೋ ಅಂತ."

"ಬೈರಿ ಅವ್ವಾರ. ಹೊಡೀರಿ. ಹಿಂಗ ಸುಮ್ಮನ ಕೂಡಬ್ಯಾಡ್ರಿ."

"ಬೈದರ ಅದನ್ನೂ ಹಾಕತೀ."

ಒಲೆಯ ಮುಂದೆ ಫಕೀರಪ್ಪ ಫಕ್ಕನೆ ನಕ್ಕು, ಆಮೇಲೆ ಕೆಮ್ಮಿದಂತೆ ಮಾಡಿದ.

ನೀಲಾಂಬಿಕೆ ಮರುದಿನ ಊರಿಗೆ ಹೊರಟುಬಿಡಬೇಕೆಂದು ಚೀಲ ತುಂಬಿದಳು. ಬಾಳವ್ವ ಚೀಲದ ಕಡೆ ನೋಡಲೇ ಇಲ್ಲ. ಅರ್ಧವಾಗಿದ್ದ ಕೌದಿಯನ್ನು ತಂದು ಅವಳ ಮುಂದೆ ಹಾಸಿದಳು.

ನೀಲಾಂಬಿಕೆ ಕೂತು ಹೊಲಿದಳು.

ದಿನ ಕಳೆದಂತೆ ಫೋನಿನಲ್ಲಿ ಜನ ಎಣಿಸತೊಡಗಿದರು. ಇನ್ನು ನಾಲ್ಕು ದಿನ ಅಕ್ಕಾ. ಇನ್ನು ಮೂರು. ಕಾಯಲಾರದವರು ತಾವೇ ಊಹಿಸತೊಡಗಿದರು. ಬಂಗಾರಿ ಅಂತಿದ್ದರೇನಕ್ಕಾ? ಗಿಣಿ? ಮುದ್ದವ್ವ? ನೂರಾರು ಹೆಸರು. ನೀಲಾಂಬಿಕೆ ಒಂದೊಂದನ್ನೂ ಓದಿದಳು. ಯಾರಿಗೂ ಗೊತ್ತಾಗಲಿಲ್ಲವೆಂದು ಸಮಾಧಾನವೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ಹುಣ್ಣಿಮೆಯ ಹಿಂದಿನ ದಿನ, ಮಧ್ಯಾಹ್ನ, ಅವಳ ಬೆರಳು ನಿಂತಿತು.

ಯಾರೋ ಗುರುತಿಲ್ಲದವರು ಬರೆದ ಹೆಸರು. ಅರ್ಧ ಸರಿಯಿತ್ತು.

ಅವಳ ಎದೆ ಓಗೊಡಲೆಂದು ಎದ್ದಿತು. ಆದರೆ ಕಿವಿಯೊಳಗೆ ಕೇಳಿಸಿದ್ದು ಅಮ್ಮನ ದನಿಯಲ್ಲ. ಯಾವ ದನಿಯೆಂದೇ ತಿಳಿಯಲಿಲ್ಲ. ಅವಳು ಗಾಬರಿಯಿಂದ ಅಮ್ಮನ ದನಿಯನ್ನು ಹುಡುಕಿದಳು. ಎಣ್ಣೆಯ ವಾಸನೆ ನೆನೆಸಿಕೊಂಡಳು, ಬಾಚಣಿಗೆಯ ಹಲ್ಲು ನೆತ್ತಿಗೆ ತಾಗುವುದನ್ನು ನೆನೆಸಿಕೊಂಡಳು. ದೂರದ ಕೋಣೆಯಿಂದ ಬಂದಂತೆ, ಸಣ್ಣಗೆ, ಅದು ಬಂತು.

ಓಡಿಬಂದು ಬಾಳವ್ವನಿಗೆ ಹೇಳಿದಳು. "ಅವರೆಲ್ಲಾ ಕರದರ ಅಮ್ಮನ ದನಿ ಹೋಗತದ್ರಿ."

"ಹಂಗಾರ ಹೇಳಬ್ಯಾಡ."

"ಹೇಳದಿದ್ದರ ನನ್ನ ಯಾರೂ ಕರಿಯೂದಿಲ್ಲ."

"ಹೌದು," ಎಂದಳು ಬಾಳವ್ವ. ನೀಲಾಂಬಿಕೆಯ ಕೈಯಲ್ಲಿ ಇನ್ನೂ ಇದ್ದ ಸೂಜಿಯ ಕಡೆ ನೋಡಿ, "ದಾರ ತೀರೈತಿ ನೋಡು," ಎಂದಳು.

ಹುಣ್ಣಿಮೆಯ ದಿನ ಕೌದಿ ಮುಗಿಯಿತು. ಒಂದು ಗೇಣಿನ ಬಾಯಿ ಮಾತ್ರ ಉಳಿದಿತ್ತು.

ಆ ಸೀಮೆಯಲ್ಲಿ ಕೌದಿಯ ಬಾಯಿಯನ್ನು ಹಾಗೇ ಮುಚ್ಚುವುದಿಲ್ಲ. ಮುಚ್ಚುವ ಮೊದಲು ಅದಕ್ಕೊಂದು ತುತ್ತು ಹಾಕುತ್ತಾರೆ. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂಬುದು ಅಲ್ಲಿಯ ಹೆಂಗಸರ ನಂಬಿಕೆ.

ಫಕೀರಪ್ಪ ಹಂಚಿನ ಮೇಲಿಂದ ರೊಟ್ಟಿ ತೆಗೆದುಕೊಟ್ಟ. "ಬಿಸಿ ಐತಿ ತಂಗಿ, ಕೈ ಸುಟ್ಟೀತು."

ನೀಲಾಂಬಿಕೆ ರೊಟ್ಟಿಯನ್ನು ಮುರಿದು ಎರಡು ತುತ್ತು ಮಾಡಿದಳು. ಬಾಳವ್ವನ ಕಡೆ ನೋಡಿದಳು. "ಒಂದು ನಿಮ್ಮ ಕೌದಿಗೆ ಹಾಕಲೇನ್ರಿ?"

ಬಾಳವ್ವ ರವಿವಾರದಿಂದ ಬಾಯಿ ತೆರೆದೇ ಇದ್ದ ತನ್ನ ಕೌದಿಯನ್ನು ಮುಂದಕ್ಕೆ ಸರಿಸಿದಳು. "ಹಾಕು. ನೋಡಬ್ಯಾಡ."

ನೀಲಾಂಬಿಕೆ ಕಣ್ಣು ಮುಚ್ಚಿಕೊಂಡು ಕೈ ಒಳಗೆ ಹಾಕಿದಳು. ಕುಲಾವಿ ತಾಗಿತು. ಅದರ ಪಕ್ಕದಲ್ಲಿ ತುತ್ತು ಇಟ್ಟಳು. ಕಣ್ಣು ತೆರೆಯದೆಯೇ ಆ ಗೇಣು ಹೊಲಿದಳು. ಹೊಲಿಗೆ ಡೊಂಕಾಯಿತು. ಸೂಜಿ ಮೂರು ಸಲ ಬೆರಳಿಗೆ ಚುಚ್ಚಿತು. ಬಾಳವ್ವ "ಕಣ್ಣು ತೆರಿ" ಎಂದು ಹೇಳಲಿಲ್ಲ.

ಆಮೇಲೆ ತನ್ನ ಕೌದಿ. ಎರಡನೆಯ ತುತ್ತನ್ನು ಒಳಗೆ, ಹಸಿರು ಸೀರೆಯ ಮಡಿಕೆಯಲ್ಲಿ ಇಟ್ಟಳು.

ಚಾಪೆಯ ಮೇಲೆ ಫೋನು ಗುರ್ ಗುರ್ ಎನ್ನುತ್ತಿತ್ತು. ಇವತ್ತೇ ಅಲ್ಲವೇನಕ್ಕಾ. ಕಾಯುತ್ತಿದ್ದೇವಕ್ಕಾ.

ನೀಲಾಂಬಿಕೆ ಬಗ್ಗಿದಳು. ಕೌದಿಯ ಬಾಯಿಗೆ ತನ್ನ ಬಾಯಿ ಇಟ್ಟಳು.

ಫಕೀರಪ್ಪ ಊದುಗೊಳವೆ ತೆಗೆದುಕೊಂಡು, ಧಗಧಗ ಉರಿಯುತ್ತಿದ್ದ ಒಲೆಯನ್ನೇ ಜೋರಾಗಿ ಊದತೊಡಗಿದ. ಬಾಳವ್ವ ಹೊಳೆಯ ಕಡೆ ತಿರುಗಿ ಕೂತಳು.

ನೀಲಾಂಬಿಕೆ ಆ ಹೆಸರನ್ನು ಒಳಗೆ ಹೇಳಿದಳು.

ಹೇಳಿ, ಅದು ಹೊರಗೆ ಬರುವ ಮೊದಲೇ ಎಂಬಂತೆ ಗಡಿಬಿಡಿಯಿಂದ ಬಾಯಿ ಹೊಲಿದಳು. ದಾರವನ್ನು ಹಲ್ಲಿನಿಂದ ಕಡಿದಳು.

ಫೋನು ಎತ್ತಿಕೊಂಡು ಬರೆದಳು: ಆ ಹೆಸರು ಹೇಳುವುದಿಲ್ಲ. ಕೊಟ್ಟ ಮಾತಿಗೆ ತಪ್ಪಿದ್ದೇನೆ. ಕ್ಷಮಿಸಿ.

ಕೂಡಲೇ ಸಿಟ್ಟಿನ ಮಾತು ಬಂದವು. ಮೋಸ ಎಂದರು. ನಾವು ಅತ್ತದ್ದಕ್ಕೆ ಬೆಲೆಯಿಲ್ಲವೇ ಎಂದರು. ಅವಳು ಅಷ್ಟನ್ನೂ ಓದಿದಳು, ಓದಿ ಫೋನನ್ನು ಚೀಲದಲ್ಲಿಟ್ಟಳು. ಕೌದಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಅದು ತೂಕವಾಗಿತ್ತು.

ಆಗ ಅವಳಿಗೆ ತಡೆಯಲಾಗದಷ್ಟು ಅಳು ಬಂತು. ಇಷ್ಟು ದಿನದ ಆಸೆ ಇನ್ನೂ ಹಾಗೇ ಇತ್ತು, ಒಂದು ಎಳೆಯೂ ಸವೆದಿರಲಿಲ್ಲ. ಅವಳು ಬಾಳವ್ವನ ಹತ್ತಿರ ಸರಿದಳು. ಈ ಮುದುಕಿಯ ಕಿವಿಯಲ್ಲಾದರೂ ಹೇಳಿಬಿಡಲೇ ಎನಿಸಿತು. ಇವಳು ಒಬ್ಬಳೇ. ಯಾರಿಗೂ ಹೇಳುವವಳಲ್ಲ. ಒಂದು ಸಲ ಕರೆದಾಳು.

"ಅವ್ವಾರ, ನಿಮಗೊಬ್ಬರಿಗೆ..."

ಬಾಳವ್ವ ತನ್ನ ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿಕೊಂಡಳು. ಕೂಸಿನ ಮುಂದೆ ಆಡುವವರ ಹಾಗೆ. ನೀಲಾಂಬಿಕೆ ಅಳುವಿನ ನಡುವೆಯೇ ನಕ್ಕಳು.

ಅವಳು ಸುಮ್ಮನಾದ ಮೇಲೆ ಬಾಳವ್ವ ಕೈ ತೆಗೆದಳು.

"ಇನ್ನ ನನ್ನ ಯಾರು ಕರೀತಾರ, ಅವ್ವಾರ?"

ಬಾಳವ್ವ ಕೌದಿಯನ್ನು ಬಿಡಿಸಿ ಅವಳ ಹೆಗಲ ಸುತ್ತ ಹೊದಿಸಿದಳು. ಕುತ್ತಿಗೆಯ ಹತ್ತಿರ ಗಾಳಿ ಹೋಗದಂತೆ ಒತ್ತಿದಳು.

"ಹೊಚ್ಕೊಂಡು ಮಲಕ್ಕೋ," ಎಂದಳು. "ಅದು ಕರೀತೋ ಇಲ್ಲೋ, ನಾಳೆ ನನಗ ಹೇಳಬ್ಯಾಡ."